ಸದ್ಯಕ್ಕೆ ಒಂದೇ ದೋಷ ಸಾಕು

ಪ್ರಿಯ ಓದುಗರೆ,

ನಿಮ್ಮ ದೋಷಗಳನ್ನೆಲ್ಲ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೀರಿ: ಸಿಡುಕು, ಸೋಮಾರಿತನ, ಹೊಟ್ಟೆಕಿಚ್ಚು, ಇನ್ನೊಬ್ಬರ ಮಾತಿಗೆ ಅಡ್ಡ ಬಾಯಿ ಹಾಕುವುದು. ದಿನಾ ರಾತ್ರಿ ಅದನ್ನೋದಿ ನಿಮ್ಮನ್ನೇ ಬೈದುಕೊಳ್ಳುತ್ತೀರಿ. ‘ತಪ್ಪು ಗೊತ್ತಿದ್ದೂ ತಿದ್ದಿಕೊಳ್ಳೋಕೆ ಆಗ್ತಿಲ್ಲವಲ್ಲ, ಯಾಕೆ? ಎಷ್ಟು ದಿನ ಬೇಕು?’ ಎಂದು ಕೇಳಿದ್ದೀರಿ.

ಮೊದಲು ಬೈದುಕೊಳ್ಳುವುದನ್ನು ಬಿಡಿ. ಬೈದುಕೊಂಡರೆ ಏನೋ ಮಾಡಿದ ಹಾಗೆ ಅನ್ನಿಸುತ್ತದೆ, ಮನಸ್ಸು ಹಗುರಾಗುತ್ತದೆ. ಬೆಳಿಗ್ಗೆ ಮತ್ತೆ ಅದೇ ಸಿಡುಕು.

ಅಮೆರಿಕದ ಮುತ್ಸದ್ದಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ (1706–1790) ಕೂಡ ಪಟ್ಟಿ ಮಾಡಿದ್ದರು. ರೂಢಿಸಿಕೊಳ್ಳಬೇಕಾದ 12 ಗುಣ ಬರೆದುಕೊಂಡರು. ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ! ಆದರೆ ಅದರಲ್ಲಿ ವಿನಯ ಇರಲೇ ಇಲ್ಲ. ಜನ ನಿನ್ನನ್ನು ಜಂಬದವನು ಅಂದುಕೊಂಡಿದ್ದಾರೆ ಎಂದು ಸ್ನೇಹಿತರೊಬ್ಬರು ಉದಾಹರಣೆ ಸಮೇತ ಹೇಳಿದ ಮೇಲೆ ಅದು 13ನೆಯದಾಗಿ ಸೇರಿತು. ಆಗ ಅವರು ಮಾಡಿದ್ದು ಸಣ್ಣ ಕೆಲಸ. ‘ಖಂಡಿತ’, ‘ಸಂಶಯವೇ ಇಲ್ಲ’ ಎನ್ನುವಂಥ ಮಾತು ಬಿಟ್ಟರು. ‘ನನಗೆ ಹೀಗನ್ನಿಸುತ್ತದೆ’ ಎನ್ನತೊಡಗಿದರು. ನಿಜವಾದ ವಿನಯ ಅಷ್ಟೇನೂ ಬರಲಿಲ್ಲ, ತೋರಿಕೆಯದು ಚೆನ್ನಾಗಿಯೇ ಬಂತು ಎಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ನನಗಂತೂ ಅದರಲ್ಲಿ ತಕರಾರಿಲ್ಲ. ಎದುರಿಗೆ ಕೂತವರಿಗೆ ಅಷ್ಟು ಸಿಕ್ಕರೂ ಜಾಸ್ತಿಯೇ ಅಲ್ವಾ?

ನಿಮ್ಮ ಪಟ್ಟಿಯಲ್ಲಿ ಅಡ್ಡ ಬಾಯಿ ಹಾಕುವುದೊಂದನ್ನೇ ಹಿಡಿಯಿರಿ. ಅದು ಯಾವಾಗ ಆಗುತ್ತದೆ, ಗಮನಿಸಿ. ಯಾರೋ ತಮ್ಮ ಕಷ್ಟ ಹೇಳುತ್ತಿರುತ್ತಾರೆ, ನಿಮ್ಮದೇ ಕತೆ ನೆನಪಾಗುತ್ತದೆ, ‘ಅಯ್ಯೋ, ನನಗೂ ಹಾಗೇ ಆಗಿತ್ತು’ ಎಂದುಬಿಡುತ್ತೀರಿ. ಅಲ್ಲಿಗೆ ಅವರ ಕತೆ ಮುಗಿಯಿತು. ಆ ‘ನನಗೂ’ ನಾಲಿಗೆ ತುದಿಗೆ ಬಂದಾಗ ‘ಆಮೇಲೇನಾಯ್ತು?’ ಎಂದು ಕೇಳಿ.

ಮನೆಯವರನ್ನೂ ಕೇಳಿ. ‘ನನ್ನಲ್ಲೇನು ದೋಷ?’ ಎಂದರೆ ‘ಏನಿಲ್ಲ ಬಿಡಿ’ ಅಂತಾರೆ. ‘ಇವತ್ತು ನಿಮ್ಮ ಮಾತಿಗೆ ಎಲ್ಲಿ ಅಡ್ಡ ಬಂದೆ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಆಗ ಸುಮ್ನೆ ಕೇಳಿಸಿಕೊಳ್ಳಿ. ‘ಹಾಗಲ್ಲ, ಏನಾಯ್ತು ಅಂದ್ರೆ...’ ಎಂದು ಶುರು ಮಾಡಿದಿರೋ, ಅಲ್ಲೂ ಅಡ್ಡ ಬಾಯಿ ಹಾಕಿದಿರಿ! ನಾಳೆಯಿಂದ ಯಾರೂ ಹೇಳುವುದಿಲ್ಲ.

ಇನ್ನು ದಿನಗಳ ಲೆಕ್ಕ. 21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ಕೂರಲು ಜನರಿಗೆ ಬೇಕಾದ ಕಾಲ 18ರಿಂದ 254 ದಿನ ಎಂಬ ಅಂದಾಜು ಸಿಕ್ಕಿತ್ತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನಿಲ್ಲ ಎಂದೂ ತಿಳಿಯಿತು.

ಹೊಟ್ಟೆಕಿಚ್ಚಿಗೆ ಮಾತ್ರ ಇಷ್ಟು ಸಲೀಸಾದ ಉಪಾಯ ನನ್ನ ಹತ್ತಿರ ಇಲ್ಲ. ಅದು ಯಾರನ್ನು ಕಂಡಾಗ, ಯಾವುದಕ್ಕೆ ಬರುತ್ತದೆ ಎಂದು ಬಿಡಿಸಿ ಬರೆಯಿರಿ, ನೋಡೋಣ.

— ಸಂಪಾದಕ