ಬಸ್ಸಿನಲ್ಲಿ ಹತ್ತು ಮಣಿ

(ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಮಾಡುವ ಓದುಗರೊಬ್ಬರು ಚರ್ಚಿನ ಲೈಬ್ರರಿಯಿಂದ ಸಂತ ಲೂಯಿ ಮಾಂಟ್‌ಫೋರ್ಟ್ ಮತ್ತು ಸಂತ ಅಲ್ಫೋನ್ಸ್ ಲಿಗೋರಿಯವರು ಯೇಸುವಿನ ತಾಯಿ ಮರಿಯಮ್ಮನವರ ಭಕ್ತಿಯ ಬಗ್ಗೆ ಬರೆದ ಪುಸ್ತಕಗಳನ್ನು ತಂದು ಓದಿದ್ದಾರೆ. ಅಲ್ಲಿರುವ ಪ್ರಾರ್ಥನೆಗಳನ್ನೆಲ್ಲ ದಿನಾ ಮಾಡಲು ಹೋಗಿ ವಾರಕ್ಕೇ ಸುಸ್ತಾಗಿ ಬಿಟ್ಟಿದ್ದಾರೆ. ‘ಬಿಟ್ಟದ್ದು ಪಾಪವೇ? ಇವು ನಮ್ಮಂಥವರಿಗೆ ಬರೆದ ಪುಸ್ತಕಗಳೇ?’ ಎಂದು ಕೇಳಿದ್ದಾರೆ.)

ಪ್ರಿಯ ಸಹೋದರಿ,

ಮೊದಲು ಭಯ ಬಿಡಿ. ಪಾಪವಲ್ಲ. ನೀವು ಮಾಡಿದ ತಪ್ಪು ಒಂದೇ, ಮದುವೆ ಮನೆಯ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಒಬ್ಬರೇ ತಿನ್ನಲು ಹೋದಿರಿ.

ಲಿಗೋರಿಯವರು ಮರಿಯಮ್ಮನವರ ಮಹಿಮೆಯ ಬಗ್ಗೆ ಬರೆದ ಪುಸ್ತಕ 1750ರಲ್ಲಿ ಅಚ್ಚಾಯಿತು. ಅದರಲ್ಲಿ ಜಪಸರ, ನವೇನ (ಒಂಬತ್ತು ದಿನದ ಪ್ರಾರ್ಥನೆ), ಉಪವಾಸ ಅಂತ ಸಾಲುಸಾಲಾಗಿ ಬರುತ್ತವೆ, ನಿಜ. ಆದರೆ ಆ ಸಾಲು ಶುರುವಾಗುವ ಮೊದಲೇ ಅವರು ಬರ್ಕ್‌ಮನ್ಸ್ ಎಂಬ ಯುವ ಸಂತರ ಮಾತನ್ನು ನೆನೆಯುತ್ತಾರೆ. ಮಾತೆಯನ್ನು ಮೆಚ್ಚಿಸಲು ಏನು ಮಾಡಬೇಕು ಅಂದರೆ, ಎಷ್ಟೇ ಚಿಕ್ಕದಾದರೂ ಸರಿ, ತಪ್ಪದೆ ನಡೆಯಲಿ ಅನ್ನುವುದು ಅದರ ಸಾರ. ಬಹುಶಃ ನೀವು ಆ ಪುಟ ಹಾರಿಸಿದ್ದೀರಿ. ಮುನ್ನುಡಿ ಯಾರು ಓದ್ತಾರೆ, ಅಲ್ವಾ?

ಅವರು ಹೇಳುವ ಅಭ್ಯಾಸಗಳಲ್ಲಿ ನನಗೆ ತುಂಬ ಹಿಡಿಸಿದ್ದು ಎಲ್ಲಕ್ಕಿಂತ ಚಿಕ್ಕದೇ. ಬೆಳಿಗ್ಗೆ ಎದ್ದಾಗ ಮೂರು, ರಾತ್ರಿ ಮಲಗುವಾಗ ಮೂರು ಸಲ ‘ನಮೋ ಮರಿಯ’ ಎಂಬ ಚಿಕ್ಕ ಪ್ರಾರ್ಥನೆ. ಮನೆಯಿಂದ ಹೊರಡುವಾಗ ಒಂದು, ವಾಪಸ್ ಬಂದಾಗ ಒಂದು. ಗಡಿಯಾರ ಗಂಟೆ ಹೊಡೆದರೆ ಇನ್ನೊಂದು. ಇದನ್ನು ಬಿಡುವಾಗಿ ಕೂತವರಿಗೆ ಬರೆದದ್ದು ಅನ್ನಿಸುತ್ತದಾ? ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಹೊತ್ತಿನಲ್ಲಿ ಒಂದು ಮುಗಿಯುತ್ತದೆ. ಆ ಪ್ರಾರ್ಥನೆಯ ಮೊದಲರ್ಧವೂ ಲೂಕನ ಶುಭಸಂದೇಶದ ಮೊದಲ ಅಧ್ಯಾಯದ್ದೇ: ಒಂದು ಮಾತು ದೇವದೂತನದು, ಇನ್ನೊಂದು ಮರಿಯಮ್ಮನ ಬಂಧು ಎಲಿಜಬೇತಮ್ಮನದು. ಮನೆಯೊಳಗೆ ಬಂದ ಹೊತ್ತಿನಲ್ಲಿ ಆಡಿದ ಮಾತು ಬಾಗಿಲಲ್ಲಿ ಹೇಳಲು ಚೆನ್ನಾಗಿಯೇ ಒಪ್ಪುತ್ತದೆ.

ಇನ್ನು ಮಾಂಟ್‌ಫೋರ್ಟ್. 1712ರ ಸುಮಾರಿಗೆ ಬರೆದ ‘ನಿಜಭಕ್ತಿ’ಯ ಹಸ್ತಪ್ರತಿ ಪೆಟ್ಟಿಗೆಯೊಂದರಲ್ಲಿ ಬಿದ್ದಿದ್ದು, 1842ರಲ್ಲಿ ಸಿಕ್ಕಿತು. ಇದನ್ನು ಪೆಟ್ಟಿಗೆಯ ಮೌನದಲ್ಲಿ ಹೂತುಬಿಡುತ್ತಾರೆ ಅಂತ ಅವರೇ ಅದರಲ್ಲಿ ಬರೆದಿದ್ದರು! ‘ಗುಲಾಮ’ ಎಂಬ ಮಾತು ಕಸಿವಿಸಿ ಮಾಡಿತು ಅಂತ ಬರೆದಿದ್ದೀರಿ. ಅದನ್ನು ‘ದಾಸ’ ಅಂತ ಓದಿ ನೋಡಿ. ಪುರಂದರದಾಸರು, ಕನಕದಾಸರು ಹೆಸರಿನಲ್ಲೇ ಹೊತ್ತ ಮಾತು ಅದು, ನಮ್ಮ ಕಿವಿಗೆ ಹೊಸದೇನಲ್ಲ. ಮರಿಯಮ್ಮನ ಕೈಹಿಡಿದು ಯೇಸುವಿಗೆ ದಾಸರಾಗುವುದು, ಅಷ್ಟೇ ಅವರು ಹೇಳುವುದು.

ಫ್ಯಾಕ್ಟರಿಯವರಿಗೆ ಈ ಪುಸ್ತಕ ಆಗಿಬರುತ್ತದಾ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಪೋಲೆಂಡಿನಲ್ಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ರಾಕೋವ್ ಹತ್ತಿರದ, ಸೋಡಾ ರಾಸಾಯನಿಕ ತಯಾರಿಸುವ ಕಾರ್ಖಾನೆಯಲ್ಲಿ ಒಬ್ಬ ಯುವಕ ಕೂಲಿ ಮಾಡುತ್ತಿದ್ದ. ಇದೇ ಪುಸ್ತಕ ಅವನ ಜೊತೆಗಿರುತ್ತಿತ್ತು. ರಟ್ಟಿನ ಮೇಲೆಲ್ಲ ಸುಣ್ಣದ ಕಲೆ. ಕೆಲವೇ ಭಾಗಗಳನ್ನು ಮತ್ತೆ ಮತ್ತೆ ಓದುತ್ತಿದ್ದನಂತೆ. ಮುಂದೆ ಅವನೇ ಪೋಪ್ ಎರಡನೇ ಜಾನ್ ಪೌಲ್.

ಜಪಸರದ ಮಾತಿಗೆ ಬಂದರೆ, ಅದರ ಐದು ಹತ್ತುಗಳನ್ನೂ (ಒಂದೊಂದರಲ್ಲಿ ಹತ್ತು ‘ನಮೋ ಮರಿಯ’) ಒಂದೇ ಸಲ ಹೇಳಲಾಗದಿದ್ದರೆ ಬಿಡಿಬಿಡಿಯಾಗಿ ಹೇಳಿ. ಬಸ್ಸಿನಲ್ಲಿ ಒಂದು ಹತ್ತು, ಊಟದ ಬಿಡುವಿನಲ್ಲಿ ಇನ್ನೊಂದು. ನೂಕುನುಗ್ಗಲಲ್ಲಿ ಮಣಿ ತೆಗೆಯಲಾಗದಿದ್ದರೆ ಬೆರಳೆಣಿಸಿದರೆ ಸಾಕು. ಆದರೆ ಪಟಪಟ ಅಂತ ಓಡಿಸಬೇಡಿ. ಸರಿಯಾಗಿ ಹೇಳಿದ ಒಂದು ‘ನಮೋ ಮರಿಯ’ ಕೆಟ್ಟದಾಗಿ ಹೇಳಿದ ನೂರೈವತ್ತಕ್ಕಿಂತ ಮೇಲು ಅಂತ ಮಾಂಟ್‌ಫೋರ್ಟರೇ ಅನ್ನುತ್ತಾರೆ.

ಪುಸ್ತಕ ವಾಪಸ್ ಕೊಡುವ ಮುಂಚೆ, ‘ನಿಜಭಕ್ತಿ’ಯಲ್ಲಿ ಏಳು ಬಗೆಯ ಸುಳ್ಳುಭಕ್ತರ ಪಟ್ಟಿ ಇದೆ, ಅದನ್ನು ಇನ್ನೊಮ್ಮೆ ಓದಿ. ಅವಸರದಲ್ಲಿ ಜಪಸರದ ಮೇಲೆ ಜಪಸರ ಮುಗಿಸುವವರೂ ಅಲ್ಲಿದ್ದಾರೆ. ನಾನು ಓದಿದಾಗ ಎರಡು ಕಡೆ ನನ್ನ ಮುಖವೇ ಕಂಡಿತು.

– ಸಂ.