ಪದವೀಧರರ ಎಣಿಕೆ ಗುಣಮಟ್ಟದ ಅಳತೆಯಲ್ಲ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಉನ್ನತ ಶಿಕ್ಷಣದ ಗುಣಮಟ್ಟಕ್ಕೂ ದೇಶದ ಆರ್ಥಿಕತೆಗೂ ಇರುವ ಸಂಬಂಧವನ್ನು ಕುರಿತು ತಾವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ವಿಷಯದ ಬಗ್ಗೆ ತಮಗಿರುವ ಕಳಕಳಿ ನಿಜವಾದದ್ದು. ಆದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ತಮ್ಮ ಶೀರ್ಷಿಕೆಯಲ್ಲಿ ಗುಣಮಟ್ಟವಿದೆ, ಲೇಖನದ ಒಳಗೆ ಇರುವುದು ಎಣಿಕೆ ಮಾತ್ರ. ವಿಶ್ವವಿದ್ಯಾಲಯಗಳು ಎಷ್ಟು, ದಾಖಲಾದವರು ಎಷ್ಟು, ಪದವಿ ಪಡೆದವರು ಎಷ್ಟು ಎಂಬುದನ್ನು ಹೇಳಿ, ಪದವೀಧರರು ಹೆಚ್ಚಿದಂತೆ ರಾಷ್ಟ್ರೀಯ ಆದಾಯವೂ ಹೆಚ್ಚುತ್ತದೆ ಎಂದು ತೀರ್ಮಾನಿಸಿದ್ದೀರಿ. ಸಿರಿವಂತ ದೇಶಗಳಿಗೆ ಹೆಚ್ಚು ವಿಶ್ವವಿದ್ಯಾಲಯಗಳನ್ನು ನಡೆಸುವ ಶಕ್ತಿಯಿರುತ್ತದೆ ಎಂಬುದೂ ಅಷ್ಟೇ ನಿಜವಾದ್ದರಿಂದ, ಯಾವುದು ಕಾರಣ, ಯಾವುದು ಪರಿಣಾಮ ಎಂಬ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಹುಟ್ಟಿಯೇ ಹುಟ್ಟುತ್ತದೆ, ಮತ್ತು ತಾವು ಅದನ್ನು ಎದುರಿಸಿಲ್ಲ.

ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಪದವೀಧರರ ಸಂಬಳ ಹೆಚ್ಚಿರುವುದನ್ನೇ ಶಿಕ್ಷಣದ ಫಲಕ್ಕೆ ಸಾಕ್ಷಿಯಾಗಿ ತೋರಿಸಿದ್ದೀರಿ. ಅರ್ಥಶಾಸ್ತ್ರಜ್ಞರಾದ ಥಿಯೊಡೋರ್ ಶುಲ್ಟ್ಸ್ ಮತ್ತು ಗ್ಯಾರಿ ಬೆಕರ್ ರೂಪಿಸಿದ ಮಾನವ ಬಂಡವಾಳದ ವಾದ, ಅಂದರೆ ಶಿಕ್ಷಣವು ವ್ಯಕ್ತಿಯ ಸಾಮರ್ಥ್ಯವನ್ನು ಹೆಚ್ಚಿಸುವ ಹೂಡಿಕೆ ಎಂಬ ವಾದ, ಇದಕ್ಕೆ ಬೆಂಬಲ ಕೊಡುತ್ತದೆ ಎಂಬುದು ಸರಿ. ಆದರೆ 1973ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಇದಕ್ಕೆ ಎದುರಾದ ಒಂದು ಸಾಧ್ಯತೆಯನ್ನು ಮುಂದಿಟ್ಟರು: ಪದವಿಯು ಕಲಿತವರ ಸಾಮರ್ಥ್ಯವನ್ನು ಹೆಚ್ಚಿಸದೆಯೂ, ಅವರಲ್ಲಿ ಮೊದಲೇ ಇದ್ದ ಸಾಮರ್ಥ್ಯದ ಸಂಕೇತವಾಗಿ ಮಾತ್ರ ಕೆಲಸ ಮಾಡಬಹುದು. ಹಾಗಾದಾಗ ಸಂಬಳ ವ್ಯಕ್ತಿಗೆ ದಕ್ಕುತ್ತದೆ, ದೇಶದ ಉತ್ಪಾದಕತೆ ಇದ್ದಲ್ಲೇ ಇರುತ್ತದೆ. ಎಲ್ಲರೂ ಒಂದು ಪದವಿ ಪಡೆದರೆ ಉದ್ಯೋಗದಾತರು ಎರಡನೆಯದನ್ನು ಕೇಳತೊಡಗುತ್ತಾರೆ. ತಮ್ಮ ಲೇಖನ ನಿಜವಾಗಿ ಉತ್ತರಿಸಬೇಕಾದದ್ದು ಈ ಆಕ್ಷೇಪಕ್ಕೆ, ಏಕೆಂದರೆ ಪದವಿ ಬರಿಯ ಸಂಕೇತವೋ ಕಲಿಕೆಯೋ ಎಂಬುದನ್ನು ನಿರ್ಧರಿಸುವುದೇ ಗುಣಮಟ್ಟ.

ಅಮೆರಿಕದ ಭೂದಾನ ವಿಶ್ವವಿದ್ಯಾಲಯಗಳಿಗೆ ತಾವು ಒಂದೇ ವಾಕ್ಯ ಕೊಟ್ಟಿದ್ದೀರಿ, ಅದು ನನಗೆ ಬೇಸರ ತಂದಿತು. 1862ರ ಮಾರಿಲ್ ಕಾಯ್ದೆ ಕೃಷಿ ಮತ್ತು ಯಂತ್ರವಿದ್ಯೆಯನ್ನು ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಸರ್ಕಾರಿ ಭೂಮಿಯನ್ನು ನೀಡಿತು. ಕಟ್ಟಡಗಳು ಎದ್ದರೂ ಕಲಿಸಲು ಪರೀಕ್ಷಿತ ಜ್ಞಾನ ಸಾಕಷ್ಟಿರಲಿಲ್ಲ. 1887ರ ಹ್ಯಾಚ್ ಕಾಯ್ದೆ ಆ ಕಾಲೇಜುಗಳಿಗೆ ಕೃಷಿ ಪ್ರಯೋಗ ಕೇಂದ್ರಗಳನ್ನು ಜೋಡಿಸಿತು. ಅಲ್ಲಿ ಕಂಡುಕೊಂಡದ್ದನ್ನು ರೈತರ ಹೊಲಕ್ಕೆ ತಲುಪಿಸುವ ವಿಸ್ತರಣಾ ಸೇವೆಗೆ 1914ರ ಸ್ಮಿತ್–ಲೀವರ್ ಕಾಯ್ದೆ ನೆಲೆ ಒದಗಿಸಿತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರೂ ಕೂಡಿಬರಲು ಐವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಗುಣಮಟ್ಟ ಆರ್ಥಿಕತೆಯನ್ನು ಮುಟ್ಟುವ ದಾರಿ ಯಾವುದು ಎಂಬುದು ಓದುಗರಿಗೆ ಕಣ್ಣಿಗೆ ಕಟ್ಟುವಂತೆ ಕಾಣುವುದು ಇಂಥ ಕಥನದಲ್ಲಿ.

ದಕ್ಷಿಣ ಕೊರಿಯಾ ವಿಶ್ವವಿದ್ಯಾಲಯಗಳಿಂದಲೇ ಬೆಳೆಯಿತು ಎಂಬ ಮಾತನ್ನು ದಯವಿಟ್ಟು ತಿದ್ದಿ. ಆ ದೇಶ ಮೊದಲು ಪ್ರಾಥಮಿಕ ಶಿಕ್ಷಣವನ್ನು ಎಲ್ಲರಿಗೂ ತಲುಪಿಸಿತು. ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ವ್ಯಾಸಂಗಕ್ಕಾಗಿ 1971ರಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ಹೊರಬಂದವರಿಗೆ ಕೆಲಸ ಕೊಡಲು ರಫ್ತು ಉದ್ಯಮಗಳು ಜೊತೆಜೊತೆಗೇ ಬೆಳೆಯುತ್ತಿದ್ದವು. ಅಂಥ ಉದ್ಯಮಗಳಿಲ್ಲದ ಕಡೆ ಒಳ್ಳೆಯ ಪದವೀಧರರು ದೇಶ ಬಿಟ್ಟು ಹೋಗುತ್ತಾರೆ, ಮತ್ತು ಈ ವಲಸೆಯ ಬಗ್ಗೆ ತಮ್ಮ ಲೇಖನ ಮೌನವಾಗಿದೆ.

ಭಾಷೆಯ ಬಗ್ಗೆ ಒಂದೇ ಮಾತು: "ಸರ್ವತೋಮುಖ ಪ್ರಗತಿ", "ಜ್ಞಾನಾಧಾರಿತ ಸಮಾಜ" ಮುಂತಾದ ಪದಪುಂಜಗಳನ್ನು ತೆಗೆದುಹಾಕಿದರೂ ಅರ್ಥಕ್ಕೆ ನಷ್ಟವಿಲ್ಲ.

ಅಂಕಿಅಂಶಗಳ ಮೊದಲ ಭಾಗವನ್ನು ಪೂರ್ತಿ ಕೈಬಿಟ್ಟು, ಭೂದಾನ ಕಾಲೇಜುಗಳಿಂದ ಆರಂಭಿಸಿ, ಸ್ಪೆನ್ಸ್ ಅವರ ಆಕ್ಷೇಪಕ್ಕೆ ತಮ್ಮದೇ ಉತ್ತರ ಕೊಟ್ಟು ಬರೆಯಿರಿ. ಹೊಸ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ