ಜಾದೂಗಾರ ಹೂಡಿನಿ ಸತ್ತಿದ್ದು ನೀರಿನ ಪೆಟ್ಟಿಗೇಲಾ?

ನಿಮ್ಮ ಮಗಳ ಭಾಷಣದಲ್ಲಿ ಹೂಡಿನಿ ನೀರಿನ ಪೆಟ್ಟಿಗೇಲಿ ಮುಳುಗಿ ಸತ್ತ ಅಂತಿದೆ, ವಿಕಿಪೀಡಿಯಾದಲ್ಲಿ ಬೇರೆ ಇದೆ ಅಂದ್ರಲ್ಲ, ಆ ಮುಳುಗಿ ಸತ್ತ ಕಥೆ 1953ರ ಹಾಲಿವುಡ್ ಸಿನಿಮಾದಿಂದ ಬಂದಿರ್ಬೇಕು, ನನ್ನ ಮಗನ ಪ್ರಾಜೆಕ್ಟಲ್ಲೂ ಇದೇ ಆಗಿತ್ತು. ಮೊದ್ಲು ಆ ಸಾಲು ತೆಗೀರಿ. ಆಮೇಲೆ ಹೀಗೆ ಬರೀರಿ: 1926ರ ಅಕ್ಟೋಬರಲ್ಲಿ ನೀರಿನ ಪೆಟ್ಟಿಗೆಯಿಂದ ತಪ್ಪಿಸ್ಕೊಳ್ಳೋ ಐಟಂ ಮಾಡೋವಾಗ ಕಾಲ್ಮೂಳೆ ಮುರೀತು ಅಷ್ಟೇ, ಆಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಸೋಫಾ ಮೇಲೆ ಒರಗಿದ್ದಾಗ ಒಬ್ಬ ವಿದ್ಯಾರ್ಥಿ ಹೊಟ್ಟೆಗೆ ಗುದ್ದಿದ, ಎರಡು ದಿನ ಬಿಟ್ಟು ಅಮೆರಿಕದ ಡೆಟ್ರಾಯ್ಟಲ್ಲಿ ಸುಡೋ ಜ್ವರದಲ್ಲೇ ಶೋ ಕೊಟ್ಟ, ಅಪೆಂಡಿಕ್ಸ್ ಒಡೆದು ನಂಜಾಗಿ 31ನೇ ತಾರೀಕು ಹೋಗ್ಬಿಟ್ಟ. ಗುದ್ದಿದ್ದಕ್ಕೇ ಒಡೀತು ಅಂತ ಮಾತ್ರ ಬರೀಬೇಡಿ, ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಹುಟ್ಟಿದೂರೂ ಒಂದ್ಸಲ ನೋಡ್ಕೊಳ್ಳಿ, ಅಮೆರಿಕದ ಆಪಲ್ಟನ್ ಅಂತ ಅವನೇ ಹೇಳ್ಕೊಂಡು ತಿರುಗ್ತಿದ್ದ, ಭಾರಿ ಆಸಾಮಿ! ಹುಟ್ಟಿದ್ದು ಹಂಗೇರಿಯ ಬುಡಾಪೆಸ್ಟಲ್ಲಿ, 1874.